ತೂತು ಕೊರೆಯುವ ಮುನ್ನ

ಮೀನು ಹಿಡಿಯುವುದಕ್ಕೆಂದೇ ಮಾಡಿದ ಕಯಾಕ್ ಮೂರರಿಂದ ನಾಲ್ಕು ಮೀಟರ್ ಉದ್ದದ, ಮುಕ್ಕಾಲು ಮೀಟರಿಗೆ ತುಸು ಹೆಚ್ಚು ಅಗಲದ ಒಂಟಿ ದೋಣಿ. ಕೂತವರು ನೀರಿಗೆ ತೀರ ಹತ್ತಿರ ಇರುತ್ತಾರೆ. ಬೇಕಾದುದನ್ನು ಎದ್ದು ಹೋಗಿ ತರುವ ಮಾತೇ ಇಲ್ಲ. ಗಾಳದ ಕೋಲುಗಳು, ನೀರಿನಾಳವನ್ನೂ ಮೀನಿನ ಇರವನ್ನೂ ತೋರಿಸುವ ಫಿಶ್ ಫೈಂಡರ್, ಅದರ ಬ್ಯಾಟರಿ, ಲಂಗರು, ಬಲೆ, ಇಕ್ಕಳ, ಚಾಕು, ಕತ್ತಲಾದರೆ ದೀಪ, ಎಲ್ಲವೂ ಕೈ ಚಾಚಿದರೆ ಸಿಗಬೇಕು. ಹುಟ್ಟು ಬೀಸುವಾಗ ತಗುಲಬಾರದು. ದೊಡ್ಡ ಮೀನು ಜಗ್ಗಿದಾಗ ಕಿತ್ತು ಬರಬಾರದು. ದೋಣಿ ಮಗುಚಿದರೂ ನೀರುಪಾಲಾಗಬಾರದು. ಇಷ್ಟೂ ಒಟ್ಟಿಗೆ ಸಾಧ್ಯವಾಗುವಂತೆ ಸಾಮಾನುಗಳನ್ನು ದೋಣಿಗೆ ಕೂರಿಸುವ ಕೆಲಸಕ್ಕೆ ಅಮೆರಿಕ, ಆಸ್ಟ್ರೇಲಿಯ, ನ್ಯೂಜಿಲೆಂಡ್ ಕಡೆಯ ಗಾಳಗಾರರು ರಿಗ್ಗಿಂಗ್ ಎನ್ನುತ್ತಾರೆ. ಚೆಸಪೀಕ್ ಕೊಲ್ಲಿಯಲ್ಲಿ ಪಟ್ಟೆ ಬಾಸ್ ಮೀನಿಗೆ ಹೋಗುವವರು, ಟೆಕ್ಸಾಸಿನ ಆಳವಿಲ್ಲದ ಕಡಲಂಚಿನಲ್ಲಿ ರೆಡ್‌ಫಿಶ್ ಹುಡುಕುವವರು ಬಿಡುವಿನ ದಿನಗಳನ್ನು ಮನೆಯ ಗ್ಯಾರೇಜಿನಲ್ಲಿ ಇದಕ್ಕೇ ಸುರಿಯುತ್ತಾರೆ. ಹೊರಗಿನಿಂದ ನೋಡಿದರೆ ನಾಲ್ಕು ತೂತು ಕೊರೆದು ನಾಲ್ಕು ಸ್ಕ್ರೂ ಬಿಗಿಯುವ ಕೆಲಸ. ಹತ್ತಿರ ಹೋದರೆ, ಇಷ್ಟು ಸಣ್ಣ ಜಾಗದಲ್ಲಿ ಇಷ್ಟು ಯೋಚನೆ ಬೇಡುವ ಕೈಕೆಲಸಗಳು ಅಪರೂಪವೆಂದು ತಿಳಿಯುತ್ತದೆ.

ಈ ಯೋಚನೆ ನಿನ್ನೆ ಮೊನ್ನೆಯದಲ್ಲ. ಗ್ರೀನ್‌ಲ್ಯಾಂಡಿನ ಇನ್ಯೂಟ್ ಬೇಟೆಗಾರರ ಕಯಾಕ್, ಕಡಲಲ್ಲಿ ತೇಲಿಬಂದ ಮರದ ಹಂದರಕ್ಕೆ ಸೀಲ್ ಪ್ರಾಣಿಯ ಚರ್ಮ ಹೊದಿಸಿ ಹೊಲಿದದ್ದು. ಅದರ ಮೇಲ್ಭಾಗದಲ್ಲಿ ಹಾರ್ಪೂನ್ ಈಟಿ, ಈಟಿಯ ಹಗ್ಗದ ಸುರುಳಿ ಇಡಲು ಎದುರಿಗೊಂದು ಪುಟ್ಟ ಮಣೆ, ಬೆನ್ನ ಹಿಂದೆ ಗಾಳಿ ತುಂಬಿದ ಚರ್ಮದ ತೇಲುಚೀಲ. ಇವನ್ನೆಲ್ಲ ಹಿಡಿದಿಟ್ಟದ್ದು ಸೀಲ್ ಚರ್ಮದ ಪಟ್ಟಿಗಳು. ಪಟ್ಟಿ ಸಡಿಲಾಗದಂತೆ ಅದರಲ್ಲಿ ಪೋಣಿಸಿದ ಎಲುಬಿನ, ದಂತದ ಗುಂಡಿಗಳು. ನನಗೆ ಬೆರಗು ಹುಟ್ಟಿಸುವುದು ಆ ಪಟ್ಟಿಗಳ ತುದಿ. ಅದನ್ನು ಬಿಗಿದದ್ದು ಹೊದಿಕೆಯ ಚರ್ಮಕ್ಕಲ್ಲ, ಅಂಚಿನುದ್ದಕ್ಕೂ ಹಾಯುವ ಮರಕ್ಕೆ. ಎಳೆತ ಬಿದ್ದರೆ ಅದನ್ನು ಹೊರುವುದು ಮರ; ಚರ್ಮದ ಪಾಲಿಗೆ ನೀರು ತಡೆಯುವ ಕೆಲಸ ಮಾತ್ರ. ಇನ್ನು ತೇಲುಚೀಲವಾದರೋ, ಈಟಿ ನಾಟಿದ ಕೂಡಲೇ ಎಲ್ಲೂ ಸಿಕ್ಕಿಕೊಳ್ಳದೆ ನೀರಿಗೆ ಜಾರಬೇಕು. ಯಾವುದು ಗಟ್ಟಿಯಾಗಿ ನಿಲ್ಲಬೇಕು, ಯಾವುದು ಒಂದೇ ತಳ್ಳಿಗೆ ಬಿಟ್ಟುಕೊಡಬೇಕು ಎಂಬ ವಿಂಗಡಣೆ ಆ ಪಟ್ಟಿಗಳ ಏರ್ಪಾಟಿನಲ್ಲೇ ಇತ್ತು.

ಇಂದಿನ ಕಯಾಕಿಗೆ ಆ ಮರದ ಹಂದರ ಇಲ್ಲ. 1970ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಮಾಲಿಬುವಿನಲ್ಲಿ ಟಿಮ್ ನೀಮಿಯರ್ ಎಂಬಾತ ಸರ್ಫ್ ಹಲಗೆಯಲ್ಲಿ ಗುಳಿ ತೋಡಿ, ಒಳಗೆ ತೂರಿಕೊಳ್ಳುವ ಬದಲು ಮೇಲೆಯೇ ಕೂರುವ ದೋಣಿಯ ಮಾದರಿ ಮಾಡಿದ. ಮುಂದೆ ಅದೇ ಬಗೆಯ ದೋಣಿ ಪಾಲಿಎಥಿಲೀನ್ ಪ್ಲಾಸ್ಟಿಕ್ಕಿನಲ್ಲಿ ಬಂತು. ಮೀನಿಗೆ ಹೋಗುವವರು ಹೆಚ್ಚಾಗಿ ಏರುವುದು ಇದನ್ನೇ. ಸಾಲಿಗ್ರಾಮದ ಬಳಿ ಸೀತಾ ನದಿಯ ಹಿನ್ನೀರಿನಲ್ಲಿ, ಕಾಂಡ್ಲಾ ಗಿಡಗಳ ನಡುವೆ ಪ್ರವಾಸಿಗರು ಹುಟ್ಟು ಹಾಕುವ ಬಣ್ಣದ ಕಯಾಕುಗಳನ್ನು ಕಂಡವರಿಗೆ ಈ ವಸ್ತುವಿನ ನುಣುಪು, ಟೊಳ್ಳು ಸದ್ದು ಪರಿಚಯವೇ. ಪ್ಲಾಸ್ಟಿಕ್ ಪುಡಿಯನ್ನು ಅಚ್ಚಿನೊಳಗೆ ಸುರಿದು, ದೊಡ್ಡ ಒಲೆಯೊಳಗೆ ಆ ಅಚ್ಚನ್ನು ಎರಡು ದಿಕ್ಕಿಗೂ ತಿರುಗಿಸುತ್ತ ಕಾಯಿಸುತ್ತಾರೆ. ಪುಡಿ ಕರಗಿ ಅಚ್ಚಿನ ಒಳಮೈಗೆ ಬಳಿದುಕೊಳ್ಳುತ್ತದೆ. ತಣಿದ ಮೇಲೆ ಬೆಸುಗೆಯೇ ಇಲ್ಲದ ಟೊಳ್ಳು ಒಡಲು ಹೊರಬರುತ್ತದೆ. ಬಂಡೆಗೆ ಬಡಿದರೂ ಒಡೆಯದ ಒಡಲು. ಆದರೆ ಅದರ ಗೋಡೆ ಬಹುಮಟ್ಟಿಗೆ ಐದಾರು ಮಿಲಿಮೀಟರ್ ದಪ್ಪ, ಅದೂ ಎಲ್ಲ ಕಡೆ ಸಮನಾಗಿ ಅಲ್ಲ. ಒಳಗೆ ತೊಲೆಯಿಲ್ಲ, ಪಕ್ಕೆಯಿಲ್ಲ. ಬೇಟೆಗಾರನ ದೋಣಿಯಲ್ಲಿ ಚರ್ಮ ಮತ್ತು ಎಲುಬು ಬೇರೆ ಬೇರೆಯಾಗಿದ್ದವು. ಇಲ್ಲಿ ಚರ್ಮವೇ ಎಲುಬೂ ಆಗಬೇಕು. ರಿಗ್ಗಿಂಗಿನ ಕುಶಲತೆಯೆಲ್ಲ ಈ ಒಂದು ಕೊರತೆಯನ್ನು ತುಂಬುವುದರಲ್ಲಿದೆ: ಎಳೆತ ಎಲ್ಲಿ ಬೀಳುತ್ತದೋ ಅಲ್ಲಿ ಒಡಲಿಗೊಂದು ಎಲುಬು ಕೊಡುವುದು.

ಅಂಟಿಸಿಬಿಟ್ಟರೆ ಆಗದೇ ಎಂಬ ಪ್ರಶ್ನೆ ಸಹಜ. ಆಗದು. ಅಂಟು ಹಿಡಿಯಬೇಕಾದರೆ ಅದು ಮೊದಲು ಮೇಲ್ಮೈ ಮೇಲೆ ಹರಡಿಕೊಳ್ಳಬೇಕು. ಪಾಲಿಎಥಿಲೀನಿನ ಮೇಲ್ಮೈ ಶಕ್ತಿ ಬಹಳ ಕಡಿಮೆ. ಕೆಸುವಿನ ಎಲೆಯ ಮೇಲೆ ನೀರು ನಿಲ್ಲದಂತೆ ಅದರ ಮೇಲೆ ಅಂಟು ನೆಲೆಯೂರುವುದಿಲ್ಲ. ಬೆಂಕಿಯ ಜ್ವಾಲೆಯನ್ನು ಮೇಲಿಂದ ಮೇಲೆ ಹಾಯಿಸಿ ಮೇಲ್ಮೈ ಬದಲಿಸುವ ಉಪಾಯ ಇದೆ, ಅದಕ್ಕೆಂದೇ ಮಾಡಿದ ವಿಶೇಷ ಅಂಟುಗಳೂ ಇವೆ. ಆದರೂ ಭಾರ ಹೊರುವ ಸಾಮಾನನ್ನು ಬರೀ ಅಂಟಿನ ಮೇಲೆ ನಂಬಿ ಕೂರಿಸುವ ಅನುಭವಿಗಳು ಕಡಿಮೆ. ಹಾಗಾಗಿ ತೂತು ಕೊರೆಯಲೇಬೇಕು. ತೇಲುವ ವಸ್ತುವಿಗೆ ತೂತು! ಈ ಕೆಲಸ ಬಲ್ಲವರು ಡ್ರಿಲ್ಲು ಕೈಗೆತ್ತಿಕೊಳ್ಳಲು ಅಷ್ಟು ತಡಮಾಡುವುದು ಇದಕ್ಕೇ.

ಎಳೆತ ಎಷ್ಟಿರುತ್ತದೆ ಎಂದು ಒಂದು ಸ್ಥೂಲ ಲೆಕ್ಕ ಹಾಕೋಣ. ಗಾಳದ ಕೋಲು ಹಿಡಿಕೆಯ ಗೂಡಿನಲ್ಲಿ ನಿಂತಿದೆ, ಮೀನು ನಾಲ್ಕು ಕಿಲೋದಷ್ಟು ಬಲದಿಂದ ದಾರ ಜಗ್ಗುತ್ತಿದೆ ಎನ್ನಿ. ಕೋಲು ಬಾಗಿದ ಮೇಲೂ ಆ ಎಳೆತ ಗೂಡಿನ ಬುಡದಿಂದ ಒಂದೂವರೆ ಮೀಟರ್ ದೂರದಲ್ಲಿ ಕೆಲಸ ಮಾಡುತ್ತಿರಬಹುದು. ಬುಡದಲ್ಲಿ ಸ್ಕ್ರೂಗಳ ನಡುವಿನ ಅಂತರ ಬರೀ ಆರು ಸೆಂಟಿಮೀಟರ್. ಇದು ಶುದ್ಧ ಸನ್ನೆಯ ಲೆಕ್ಕ: ದೂರದ ನಾಲ್ಕು ಕಿಲೋ, ಬುಡದ ಸ್ಕ್ರೂಗಳನ್ನು ನೂರು ಕಿಲೋದಷ್ಟು ಬಲದಿಂದ ಮೇಲಕ್ಕೆ ಕೀಳುತ್ತದೆ. ಐದು ಮಿಲಿಮೀಟರಿನ ಮೆತ್ತನೆಯ ಪ್ಲಾಸ್ಟಿಕ್ಕಿಗೆ ನೇರವಾಗಿ ತಿರುಗಿಸಿದ ಸ್ಕ್ರೂ ಅದನ್ನು ತಾಳುವುದು ಕಷ್ಟ. ಮೀನು ಸಣ್ಣದೇ ಇರಲಿ, ಗಾಳ ಒಮ್ಮೆ ತಳದ ಕಲ್ಲಿಗೆ ಸಿಕ್ಕಿಕೊಂಡು ದೋಣಿ ಸೆಳವಿನಲ್ಲಿ ಮುಂದೆ ಸಾಗಿದರೂ ಇದೇ ಪಾಡು. ಈ ಲೆಕ್ಕವನ್ನು ಬಾಯಲ್ಲಿ ಹೇಳದಿದ್ದರೂ ಬಲ್ಲವರ ಕೈಗೆ ಅದು ಗೊತ್ತಿರುತ್ತದೆ; ಬುಡ ಎಷ್ಟು ಅಗಲ, ಕೋಲು ಎಷ್ಟು ಉದ್ದ ಎಂದು ಅವರು ಮೊದಲು ನೋಡುತ್ತಾರೆ.

ಎಲುಬು ಕೊಡುವ ಅತ್ಯುತ್ತಮ ಬಗೆ ಅತ್ಯಂತ ಹಳೆಯದೂ ಹೌದು. ತೂತಿನ ಮೂಲಕ ಬೋಲ್ಟು ತೂರಿಸಿ, ಒಡಲಿನ ಒಳಗಡೆಯಿಂದ ಒಂದು ಒತ್ತುಹಲಗೆ ಇಟ್ಟು, ಅದರಾಚೆ ನಟ್ಟು ಬಿಗಿಯುವುದು. ಹಲಗೆ ಅಂಗೈಯಗಲದ ಪ್ಲಾಸ್ಟಿಕ್ ಅಥವಾ ಅಲ್ಯೂಮಿನಿಯಂ ತುಂಡಾದರೂ ಸಾಕು, ಎಳೆತ ಒಂದು ಬಿಂದುವಿನಲ್ಲಿ ಕೇಂದ್ರವಾಗದೆ ಹಲಗೆಯಷ್ಟಗಲ ಹರಡುತ್ತದೆ. ಹಲಗೆಗೆ ಜಾಗವಿಲ್ಲದಿದ್ದರೆ ಅಗಲ ಅಂಚಿನ ವಾಷರು. ನಟ್ಟಿನ ಒಳಗೆ ನೈಲಾನ್ ಬಳೆ ಇರುವಂಥದ್ದನ್ನೇ ಆರಿಸುತ್ತಾರೆ. ಅಲೆಯ ಕುಲುಕಿಗೆ, ದೋಣಿಯನ್ನು ಕಾರಿನ ಮೇಲೆ ಕಟ್ಟಿ ಸಾಗಿಸುವಾಗಿನ ನಡುಕಕ್ಕೆ ಮಾಮೂಲಿ ನಟ್ಟು ತಾನೇ ಬಿಚ್ಚಿಕೊಳ್ಳುತ್ತದೆ.

ಬಿಗಿಯುವುದರಲ್ಲೂ ಒಂದು ಹದವಿದೆ. ಪಾಲಿಎಥಿಲೀನ್ ಒತ್ತಡದಡಿ ನಿಧಾನವಾಗಿ ಹರಿಯುವ ವಸ್ತು. ಕಣ್ಣಿಗೆ ಗಟ್ಟಿಯಾಗಿ ಕಂಡರೂ ವಾಷರಿನ ಕೆಳಗೆ ಅದು ದಿನಗಟ್ಟಲೆ ತೆಳುವಾಗುತ್ತ, ಪಕ್ಕಕ್ಕೆ ಸರಿಯುತ್ತ ಹೋಗುತ್ತದೆ. ಜೋರಾಗಿ ಬಿಗಿದಷ್ಟೂ ಬೇಗ ಸಡಿಲವಾಗುವ ವಿಚಿತ್ರ ಇಲ್ಲಿ ನಡೆಯುತ್ತದೆ. ವಾಷರು ಪ್ಲಾಸ್ಟಿಕ್ಕಿನಲ್ಲಿ ಕೂರಲು ಶುರುವಾಯಿತು ಎನ್ನುವಷ್ಟರಲ್ಲಿ ನಿಲ್ಲಿಸಿ, ಕೆಲದಿನ ಬಿಟ್ಟು ಬಂದು ಇನ್ನೊಂದು ಕಾಲು ಸುತ್ತು ತಿರುಗಿಸುವುದು ಸರಿಯಾದ ಕ್ರಮ. ಸ್ಟೇನ್‌ಲೆಸ್ ಬೋಲ್ಟಿಗೆ ಸ್ಟೇನ್‌ಲೆಸ್ ನಟ್ಟನ್ನು ಮೋಟಾರು ಡ್ರಿಲ್ಲಿನಿಂದ ವೇಗವಾಗಿ ತಿರುಗಿಸಿದರೆ ಎಳೆಗಳು ಬಿಸಿಯಾಗಿ ಒಂದಕ್ಕೊಂದು ಬೆಸೆದುಕೊಂಡುಬಿಡುತ್ತವೆ. ಆಮೇಲೆ ಬೋಲ್ಟನ್ನು ಕತ್ತರಿಸಿಯೇ ತೆಗೆಯಬೇಕು. ಕೈಯಿಂದ ತಿರುಗಿಸುವವರಿಗೆ ಈ ತೊಂದರೆ ಕಡಿಮೆ, ಹದವೂ ಬೆರಳಿಗೆ ತಿಳಿಯುತ್ತದೆ.

ಆದರೆ ಕಯಾಕಿನ ಒಡಲು ಮುಚ್ಚಿದ ಟೊಳ್ಳು. ಮುಚ್ಚಳ ತೆರೆದು ತೋಳು ತೂರಿಸಿದರೆ ಎಟುಕುವಷ್ಟು ದೂರ ಮಾತ್ರ ನಟ್ಟು ಹಾಕಲು ಸಾಧ್ಯ. ಉಳಿದ ಕಡೆ ಹೊರಗಿನಿಂದಲೇ ಕೆಲಸ ಮುಗಿಯಬೇಕು. ಇದಕ್ಕೆ ಇರುವ ಎರಡು ಸಾಧನಗಳನ್ನು ಕೈಯಲ್ಲಿ ಹಿಡಿದು ನೋಡುವುದೇ ಒಂದು ಸಂತೋಷ. ಒಂದು, ಮೂರು ಕಾಲಿನ ರಿವೆಟ್ಟು. ಮಾಮೂಲಿ ಪಾಪ್ ರಿವೆಟ್ಟು ಎಳೆದಾಗ ಒಳಗಡೆ ಸಣ್ಣ ಗಂಟಾಗುತ್ತದೆ. ತಗಡಿಗೆ ಅದು ಸಾಕು, ಮೆತ್ತನೆಯ ಪ್ಲಾಸ್ಟಿಕ್ಕಿನಲ್ಲಿ ಆ ಗಂಟು ತೂತನ್ನು ಹಿಗ್ಗಿಸಿಕೊಂಡು ಹೊರಬರುತ್ತದೆ. ಮೂರು ಕಾಲಿನದರಲ್ಲಿ ಕೊಳವೆಗೆ ಮೊದಲೇ ಸೀಳು ಕೊಟ್ಟಿರುತ್ತಾರೆ. ಎಳೆದಾಗ ಅದು ಮೂರು ಕಾಲುಗಳಾಗಿ ಸೀಳಿ, ಮಡಿಸಿಕೊಂಡು, ಒಳಮೈಯ ಮೇಲೆ ಅಗಲವಾಗಿ ಒರಗುತ್ತದೆ. ತಲೆಯ ಕೆಳಗೊಂದು ರಬ್ಬರ್ ವಾಷರು ನೀರನ್ನು ತಡೆಯುತ್ತದೆ. ಇನ್ನೊಂದು, ವೆಲ್ ನಟ್ಟು: ರಬ್ಬರಿನ ಗಿಡ್ಡ ಕೊಳವೆ, ಅದರ ತಳದಲ್ಲಿ ಹುದುಗಿದ ಹಿತ್ತಾಳೆಯ ನಟ್ಟು. ತೂತಿಗೆ ತೂರಿಸಿ ಬೋಲ್ಟು ತಿರುಗಿಸಿದಂತೆ ನಟ್ಟು ಮೇಲಕ್ಕೆ ಬರುತ್ತದೆ, ನಡುವಿನ ರಬ್ಬರು ಉಬ್ಬಿ ತೂತನ್ನು ಒಳಗಿನಿಂದ ಮುಚ್ಚುತ್ತದೆ. ಹಿಡಿತವೂ ಅದೇ, ನೀರುತಡೆಯೂ ಅದೇ. ಬೇಕೆಂದಾಗ ಬಿಚ್ಚಿ ತೆಗೆಯಲೂಬಹುದು. ರಬ್ಬರು ನಡುಕವನ್ನು ನುಂಗುತ್ತದೆಯಾದರೂ ಭಾರಿ ಎಳೆತಕ್ಕೆ ತುಸು ಹೊರಳುತ್ತದೆ, ಹಾಗಾಗಿ ದೊಡ್ಡ ಕೋಲಿನ ಗೂಡಿಗಿಂತ ಹಗ್ಗದ ಕೊಂಡಿಗೋ ಫಿಶ್ ಫೈಂಡರಿಗೋ ಅದು ಹೆಚ್ಚು ಒಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ. ತಾನೇ ಎಳೆ ಕೊರೆದುಕೊಳ್ಳುವ ಮೊನಚು ಸ್ಕ್ರೂಗಳ ಬಗ್ಗೆ ನನಗೆ ಒಲವಿಲ್ಲ. ಒಮ್ಮೆ ಕಿತ್ತರೆ ಆ ತೂತು ಮತ್ತೆ ಹಿಡಿಯುವುದಿಲ್ಲ, ಮೇಲಾಗಿ ಒಳಗೆ ಚಾಚಿದ ಮೊನೆ ಅಲ್ಲಿಟ್ಟ ಬಟ್ಟೆ ಚೀಲವನ್ನೂ ಹುಡುಕಾಡುವ ಕೈಯನ್ನೂ ಗೀರುತ್ತದೆ.

ಕೊರೆಯುವ ಹೊತ್ತು ಬಂದಾಗ ಮೊದಲು ಸಣ್ಣ ಬಿಟ್ಟು, ಆಮೇಲೆ ದೊಡ್ಡದು, ಎರಡೂ ನಿಧಾನ. ವೇಗ ಹೆಚ್ಚಾದರೆ ಪ್ಲಾಸ್ಟಿಕ್ ಕರಗಿ ಬಿಟ್ಟಿಗೆ ಸುತ್ತಿಕೊಳ್ಳುತ್ತದೆ. ಮಾಮೂಲಿ ಬಿಟ್ಟು ಒಳಗೆ ಹೊಕ್ಕ ಕ್ಷಣದಲ್ಲಿ ಕಚ್ಚಿಕೊಂಡು ಜಗ್ಗುವುದರಿಂದ ತೂತು ಓರೆಯಾಗುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಅಗಲವಾಗುತ್ತ ಹೋಗುವ ಸ್ಟೆಪ್ ಬಿಟ್ಟು ದುಂಡನೆಯ ಶುದ್ಧ ತೂತು ಕೊಡುತ್ತದೆ. ಬಿಟ್ಟಿನ ಮೇಲೆ ಟೇಪು ಸುತ್ತಿ ಆಳಕ್ಕೆ ಗುರುತು ಮಾಡಿಕೊಳ್ಳುವುದು ಜಾಣತನ, ಯಾಕೆಂದರೆ ಕೆಲವೆಡೆ ಮೇಲ್ಮೈಗೂ ತಳಕ್ಕೂ ನಡುವೆ ನಾಲ್ಕು ಬೆರಳು ಜಾಗವೂ ಇರುವುದಿಲ್ಲ. ಚೌಕ ತೂತು ಬೇಕಾದರೆ ಮೂಲೆಗಳಲ್ಲಿ ಮೊದಲು ದುಂಡು ತೂತು ಕೊರೆದು ಆಮೇಲೆ ನಡುವಿನದನ್ನು ಕತ್ತರಿಸುತ್ತಾರೆ. ಬಿರುಕು ಹುಟ್ಟುವುದು ಚೂಪು ಮೂಲೆಯಿಂದ. ದುಂಡಗಿನ ಅಂಚಿನಲ್ಲಿ ಅದಕ್ಕೆ ಹಿಡಿಯಲು ಜಾಗ ಸಿಗುವುದಿಲ್ಲ. ಕೊನೆಗೆ ಅಂಚಿನ ನವಿರು ಎಳೆಗಳನ್ನು ಚಾಕುವಿನಿಂದ ಹೆರೆದು, ಸುತ್ತ ಮರೀನ್ ಸೀಲೆಂಟಿನ ಒಂದು ಬಳೆ. ಸೀಲೆಂಟಿನ ಕೆಲಸ ನೀರು ತಡೆಯುವುದಷ್ಟೇ, ಹಿಡಿಯುವುದಲ್ಲ.

ತೂತು ಒಮ್ಮೆ ಕೊರೆದದ್ದು ಶಾಶ್ವತ, ಬೇಕುಗಳು ಮಾತ್ರ ವರ್ಷವರ್ಷ ಬದಲಾಗುತ್ತವೆ. ಈ ಇಕ್ಕಟ್ಟಿಗೆ ಸಿಕ್ಕ ಉತ್ತರ, ಅಲ್ಯೂಮಿನಿಯಂ ಟ್ರ್ಯಾಕು. ಅಂಚಿನುದ್ದಕ್ಕೆ ಒಂದು ತೋಡುಪಟ್ಟಿಯನ್ನು ಗಟ್ಟಿಯಾಗಿ ಕೂರಿಸಿಬಿಟ್ಟರೆ ಮುಂದೆ ಯಾವ ಸಾಮಾನಾದರೂ ಅದರ ತೋಡಿನಲ್ಲಿ ಅಗಲ ತಲೆಯ ಬೋಲ್ಟು ಜಾರಿಸಿ, ಗುಬುಟು ತಿರುಗಿಸಿ, ಬೇಕಾದಲ್ಲಿ ನಿಲ್ಲಿಸಬಹುದು. ವರ್ಜೀನಿಯಾದ ಯಾಕ್‌ಅಟ್ಯಾಕ್ ಕಂಪನಿಗೆ ಹೆಸರು ತಂದದ್ದು ಮುಖ್ಯವಾಗಿ ಇಂಥ ಟ್ರ್ಯಾಕುಗಳೇ. ಆಕ್ಲೆಂಡಿನ ರೈಲ್‌ಬ್ಲೇಜಾ, ಬ್ರಿಟಿಷ್ ಕೊಲಂಬಿಯಾದ ಸ್ಕಾಟಿ ತಮ್ಮವೇ ಆದ ಬುಡಗಳನ್ನು ಮಾಡುತ್ತವೆ; ಸಿಯಾಟಲಿನ ರ‍್ಯಾಮ್ ಮೌಂಟ್ಸ್‌ನವರದು ರಬ್ಬರು ಹೊದಿಸಿದ ಗುಂಡು, ಎರಡು ಹೋಳಿನ ತೋಳು ಅದನ್ನು ಹಿಚುಕಿ ಹಿಡಿಯುತ್ತದೆ, ಯಾವ ಕೋನಕ್ಕೆ ಬೇಕಾದರೂ ಹೊರಳುತ್ತದೆ. ಫಿಶ್ ಫೈಂಡರಿಗೆ ಇಂಚಿನ ಗುಂಡು ಸಾಕು. ಕೋಲಿಗೆ ಒಂದೂವರೆ ಇಂಚಿನದೇ ಬೇಕು.

ಟ್ರ್ಯಾಕಿನಲ್ಲಿ ಒಂದು ಸೂಕ್ಷ್ಮವಿದೆ, ಅದನ್ನು ಹಲವರು ಗಮನಿಸುವುದಿಲ್ಲ. ಬಿಸಿಲಿಗೆ ಪ್ಲಾಸ್ಟಿಕ್ಕೂ ಅಲ್ಯೂಮಿನಿಯಮ್ಮೂ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ. ಬೆಳಗಿನ ತಂಪಿಗೂ ಮಧ್ಯಾಹ್ನ ಬಿಸಿಲಿನಲ್ಲಿ ಕಾದ ಒಡಲಿಗೂ 30 ಡಿಗ್ರಿ ವ್ಯತ್ಯಾಸ ಬಂದರೆ, ಒಂದು ಮೀಟರ್ ಉದ್ದದ ಪಾಲಿಎಥಿಲೀನ್ ಸುಮಾರು 4 ಮಿಲಿಮೀಟರ್ ಬೆಳೆಯುತ್ತದೆ, ಅಲ್ಯೂಮಿನಿಯಂ 1 ಮಿಲಿಮೀಟರ್ ಕೂಡ ಇಲ್ಲ. ಎರಡನ್ನೂ ಉದ್ದಕ್ಕೂ ಬಿಗಿದಿಟ್ಟರೆ ಒಂದು ಇನ್ನೊಂದನ್ನು ಪ್ರತಿದಿನ ಎಳೆದಾಡುತ್ತದೆ, ತೂತುಗಳು ಮೆಲ್ಲನೆ ಹಿಗ್ಗುತ್ತವೆ. ಉದ್ದನೆಯ ಒಂದೇ ಪಟ್ಟಿಯ ಬದಲು ಎರಡು ಗಿಡ್ಡ ಪಟ್ಟಿ ಹಾಕುವವರನ್ನು ಕಂಡರೆ ನನಗೆ ಗೌರವ ಮೂಡುತ್ತದೆ. ಅವರು ವಸ್ತುವಿನ ಸ್ವಭಾವ ಓದಿಕೊಂಡವರು.

ಉಪ್ಪುನೀರಿನಲ್ಲಿ ಇನ್ನೊಂದು ಎಚ್ಚರ. ಸ್ಟೇನ್‌ಲೆಸ್ ಬೋಲ್ಟು ಅಲ್ಯೂಮಿನಿಯಂ ಟ್ರ್ಯಾಕಿಗೆ ತಾಗಿ ನಡುವೆ ಕಡಲ ನೀರು ಸೇರಿದರೆ ಅಲ್ಲೊಂದು ಪುಟ್ಟ ವಿದ್ಯುತ್ಕೋಶವೇ ಆಗಿ, ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಸವೆಯುತ್ತದೆ. ಬೋಲ್ಟಿಗೆ ತುಕ್ಕುತಡೆ ಮುಲಾಮು ಸವರುವುದು, ಬಂದ ಮೇಲೆ ಸಿಹಿನೀರಿನಲ್ಲಿ ತೊಳೆಯುವುದು ಇದಕ್ಕೆ ಮದ್ದು. ಬೋಲ್ಟು 316 ದರ್ಜೆಯದಾದರೆ ಮೇಲು. ಅದರಲ್ಲಿರುವ ಮಾಲಿಬ್ಡಿನಮ್ ಉಪ್ಪಿನ ಹೊಡೆತವನ್ನು ತಡೆಯುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ, ತೂತಿಲ್ಲದೆ ಮುಗಿಸಿದ ಕೆಲಸಕ್ಕೇ ನನ್ನ ಹೆಚ್ಚಿನ ಮೆಚ್ಚುಗೆ. ಹಾಲಿನ ಪ್ಯಾಕೆಟ್ಟು ಸಾಗಿಸುವಂಥ ಪ್ಲಾಸ್ಟಿಕ್ ಕ್ರೇಟನ್ನು ಬೆನ್ನ ಹಿಂದಿನ ಗುಂಡಿಯಲ್ಲಿಟ್ಟು, ಕಂಪನಿಯೇ ಕೊಟ್ಟ ಕೊಂಡಿಗಳಿಗೆ ಪಟ್ಟಿಯಿಂದ ಬಿಗಿದು, ಪಕ್ಕಕ್ಕೆ ಪಿವಿಸಿ ಪೈಪಿನ ತುಂಡು ಕಟ್ಟಿದರೆ ಮೂರು ಕೋಲಿನ ಗೂಡು ತಯಾರು. ಫಿಶ್ ಫೈಂಡರಿನ ಶಬ್ದ ಕಳಿಸುವ ಗುಂಡನ್ನು ನೀರಿಗೆ ಇಳಿಸಲೇಬೇಕಿಲ್ಲ. ಪಾಲಿಎಥಿಲೀನಿನ ಮೂಲಕ ಶಬ್ದ ಹಾಯುತ್ತದೆ. ಒಡಲೊಳಗೆ ತಳಕ್ಕೆ ಸೀಲೆಂಟು ಹಾಕಿ, ಗುಳ್ಳೆ ಉಳಿಯದಂತೆ ಅದರಲ್ಲಿ ಒತ್ತಿಟ್ಟರೆ ಸಾಕು. ನಡುವೆ ಗಾಳಿಯ ಒಂದು ಪದರ ಉಳಿದರೂ ಪರದೆ ಖಾಲಿ. ಅಂಟು ಹಿಡಿಯದ ಪ್ಲಾಸ್ಟಿಕ್ಕಿನಲ್ಲೂ ಇದು ನಿಲ್ಲುತ್ತದೆ, ಏಕೆಂದರೆ ಇಲ್ಲಿ ಎಳೆಯುವ ಬಲವೇ ಇಲ್ಲ.

ಲಂಗರಿನ ಏರ್ಪಾಟು ಎಲ್ಲಕ್ಕಿಂತ ಸೊಗಸು. ಕಯಾಕಿನ ಪಕ್ಕದಿಂದ ಲಂಗರು ಬಿಟ್ಟರೆ ಸೆಳವಿಗೆ ದೋಣಿ ಅಡ್ಡವಾಗಿ ನಿಂತು ಮಗುಚುತ್ತದೆ. ಬಿಡಬೇಕಾದದ್ದು ಮೂತಿಯಿಂದ ಅಥವಾ ಹಿಂತುದಿಯಿಂದ. ಕೂತವರ ಕೈ ಎರಡಕ್ಕೂ ಎಟುಕದು. ಹಾಗಾಗಿ ಮೂತಿಗೊಂದು, ಹಿಂತುದಿಗೊಂದು ಸಣ್ಣ ರಾಟೆ ಕಟ್ಟಿ, ಅವುಗಳ ನಡುವೆ ಪಕ್ಕದುದ್ದಕ್ಕೂ ಹಗ್ಗದ ಸುತ್ತು, ಆ ಸುತ್ತಿನಲ್ಲೊಂದು ಬಳೆ. ಲಂಗರಿನ ದಾರ ಬಳೆಯ ಮೂಲಕ ಹೋಗುತ್ತದೆ. ಕೂತಲ್ಲೇ ಹಗ್ಗ ಎಳೆದರೆ ಬಳೆ ಮುಂದಕ್ಕೋ ಹಿಂದಕ್ಕೋ ಸಾಗುತ್ತದೆ, ದೋಣಿ ಬೇಕಾದ ಕಡೆ ಮುಖ ಮಾಡಿ ನಿಲ್ಲುತ್ತದೆ. ರಾಟೆಗಳನ್ನು ದೋಣಿ ಎತ್ತುವ ಹಿಡಿಕೆಗಳಿಗೇ ಕಟ್ಟಿದರೆ ಹೊಸ ತೂತೂ ಬೇಡ. ದಾರದ ಕೊನೆಗೊಂದು ತೇಲುಗುಂಡು: ಸೆಳವು ಜೋರಾದರೆ ಕ್ಷಣದಲ್ಲಿ ಬಿಟ್ಟು, ಆಮೇಲೆ ಬಂದು ಎತ್ತಿಕೊಳ್ಳಬಹುದು. ಸೀಲ್ ಚರ್ಮದ ತೇಲುಚೀಲ ಮಾಡುತ್ತಿದ್ದ ಕೆಲಸಕ್ಕೆ ಇದು ತೀರ ಹತ್ತಿರ.

ಯಾವುದು ಎಲ್ಲಿ ಎಂಬುದನ್ನು ತೀರ್ಮಾನಿಸುವುದು ನೆಲದ ಮೇಲೆ, ಡ್ರಿಲ್ಲಿಗೆ ಬಹಳ ಮುಂಚೆ. ದೋಣಿಯಲ್ಲಿ ಜೀವರಕ್ಷಕ ಜಾಕೆಟ್ಟು ತೊಟ್ಟೇ ಕೂರಬೇಕು, ಏಕೆಂದರೆ ಅದು ಕೈಯ ಓಟವನ್ನು ಕುಗ್ಗಿಸುತ್ತದೆ. ಹುಟ್ಟು ಹಿಡಿದು ಎರಡೂ ಬದಿಗೆ ಪೂರ್ತಿ ಬೀಸಬೇಕು. ಹುಟ್ಟಿನ ದಾರಿಯಲ್ಲಿ ಬರುವ ಜಾಗಕ್ಕೆಲ್ಲ ಟೇಪು ಹಚ್ಚಿ, ಅಲ್ಲಿ ಏನನ್ನೂ ಇಡುವುದಿಲ್ಲ. ಉಳಿದ ಕಡೆ ಸಾಮಾನುಗಳನ್ನು ಟೇಪಿನಿಂದಲೇ ತಾತ್ಕಾಲಿಕವಾಗಿ ನಿಲ್ಲಿಸಿ, ಆಳವಿಲ್ಲದ ನೀರಿನಲ್ಲಿ ಅರ್ಧ ದಿನ ತಿರುಗಿ ಬರುತ್ತಾರೆ. ತೆಗೆದು ಬಳಸುವ ಪ್ರತಿಯೊಂದಕ್ಕೂ ಒಂದು ದಾರ, ಆದರೆ ಬೇಕಾದಷ್ಟೇ ಉದ್ದ. ಉದ್ದ ದಾರ ಮಗುಚಿದ ಹೊತ್ತಿನಲ್ಲಿ ಕಾಲಿಗೆ ಸುತ್ತಿಕೊಳ್ಳುತ್ತದೆ. ಅದಕ್ಕೇ ಚಾಕುವನ್ನು ದೋಣಿಗಲ್ಲ, ಜಾಕೆಟ್ಟಿಗೆ ಸಿಕ್ಕಿಸುವುದು, ಎರಡರಲ್ಲಿ ಯಾವ ಕೈಗಾದರೂ ಸಿಗುವಂತೆ.

ಎಲ್ಲ ಮುಗಿದ ಮೇಲೆ ಪರೀಕ್ಷೆ. ಕೊರೆದ ಜಾಗಗಳಿಗೆ ಸೋಪಿನ ನೊರೆ ಬಳಿದು, ನೀರು ಬಸಿಯುವ ತೂತಿನಿಂದ ಒಳಗೆ ಮೆಲ್ಲಗೆ ಗಾಳಿ ಊದಿದರೆ ಸೋರುವಲ್ಲಿ ಗುಳ್ಳೆ ಏಳುತ್ತದೆ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು. ಎದೆಮಟ್ಟದ ನೀರಿನಲ್ಲಿ, ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿಕೊಂಡು, ಬೇಕೆಂದೇ ದೋಣಿಯನ್ನು ಮಗುಚಿ, ನೆಟ್ಟಗೆ ಮಾಡಿ, ಪಕ್ಕದಿಂದ ಹೊಟ್ಟೆಯ ಮೇಲೆ ಎಳೆದುಕೊಂಡು ಮತ್ತೆ ಹತ್ತಿ ನೋಡುವುದು. ಕೋಲಿನ ಗೂಡು ಪಕ್ಕೆಗೆ ಚುಚ್ಚುತ್ತದೆಯೇ, ಜಾಕೆಟ್ಟಿನ ಪಟ್ಟಿ ಯಾವುದಾದರೂ ಗುಬುಟಿಗೆ ಸಿಕ್ಕಿಕೊಳ್ಳುತ್ತದೆಯೇ ಎಂಬುದು ಆಗ ಮಾತ್ರ ತಿಳಿಯುತ್ತದೆ. ಕಡೇಪಕ್ಷ ಒಂದು ಬದಿಯಾದರೂ ಪೂರ್ತಿ ಬೋಳಾಗಿರಬೇಕು. ಅಂದವಾಗಿ ಕೂರಿಸಿದ ಎಷ್ಟೋ ಟ್ರ್ಯಾಕುಗಳು ಈ ಪರೀಕ್ಷೆಯ ನಂತರ ಬಿಚ್ಚಿಸಿಕೊಳ್ಳುತ್ತವೆ. ಉಳಿದ ತೂತುಗಳಿಗೆ ಅದೇ ಪ್ಲಾಸ್ಟಿಕ್ಕಿನ ಕಡ್ಡಿ ಕರಗಿಸಿ ಬೆಸುಗೆ ಹಾಕಿ, ಹೆರೆದು, ಟ್ರ್ಯಾಕನ್ನು ಆಚೆ ಬದಿಗೆ ಕೂರಿಸುತ್ತಾರೆ.